ಗೆದ್ದಲಿಗೆ ಹಿಡಿಸದ ಕಥೆ

ಗ್ರಂಥಾಲಯದ ಕಪಾಟಿನಲ್ಲಿ ಒಬ್ಬನೇ ರಾಜಕುಮಾರನ ಮಾಯಾಲೋಕದ ಕಥೆ ಹನ್ನೊಂದು ಸಂಪುಟಗಳಾಗಿ ನಿಂತಿತ್ತು. ಪುಸ್ತಕದ ಹುಳು ಹತ್ತನ್ನು ಸಾಲುಸಾಲಾಗಿ ಓದಿ ಸವಿದು, ಸಿಂಹಾಸನ ಯಾರಿಗೆಂದು ತಿಳಿಯಲು ಕೊನೆಯದರ ಹತ್ತಿರ ಬಂದಿತ್ತು. ಹಿಂದೆಯೇ ಗೆದ್ದಲು ಆ ಹತ್ತನ್ನೂ ತಿಂದು ಮಣ್ಣುಮಾಡಿ ಬಂತು.

“ಬರೀ ಎಳೆತ! ಮೂರು ಸಂಪುಟ ಕುದುರೆ ಸವಾರಿ, ಎರಡು ಸಂಪುಟ ಊಟದ ವರ್ಣನೆ!” ಎಂದು ಗೆದ್ದಲು ಮೂಗು ಮುರಿಯಿತು.

“ರುಚಿಸದಿದ್ದರೆ ಇದೊಂದನ್ನಾದರೂ ನನಗೆ ಬಿಡಣ್ಣ,” ಎಂದು ಹುಳು ಬೇಡಿತು.

“ಅದು ಹೇಗಾಗುತ್ತದೆ ತಂಗಿ? ಪೂರ್ತಿ ತಿನ್ನದೆ ಬೈಯುವುದು ಧರ್ಮವೇ?” ಎಂದು ಗೆದ್ದಲು ಒಳನುಗ್ಗಿ, ರಟ್ಟನ್ನೂ ಬಿಡದೆ ಮುಗಿಸಿತು.

“ಸಿಂಹಾಸನ ಯಾರಿಗೆ ಸಿಕ್ಕಿತಣ್ಣ?”

“ಕುದುರೆ ಈಗಷ್ಟೇ ಕೋಟೆಬಾಗಿಲಿಗೆ ಬಂದಿದೆ. ಥೂ, ಏನು ಎಳೆತ!” ಎಂದ ಗೆದ್ದಲು, ಪಕ್ಕದ ಖಾಲಿ ಜಾಗದ ಧೂಳು ಒರೆಸುತ್ತಾ ಕೇಳಿತು: “ಹನ್ನೆರಡನೆಯದು ಯಾವಾಗ ಬರುತ್ತದೆ?”