ಬಾವಿಯ ಮೇಲೆ ಟ್ಯಾಂಕಿನ ದೂರು

ಪೆಟ್ರೋಲ್ ಬಂಕಿನ ಹಿಂದೆ, ತಗ್ಗಿನಲ್ಲಿ ಒಂದು ಬಾವಿಯಿತ್ತು. ಪಕ್ಕದ ಮನೆಯ ನೀಲವ್ವ ಅದರ ನೀರನ್ನು ಬಾಯಿಗಿಟ್ಟು, ಥೂ ಎಂದು ಉಗಿದು ಖಾಲಿ ಕೊಡ ಹೊತ್ತು ಹೋದಳು. ಅದೇ ದಿನ ಬಂಕಿನ ನೆಲದಡಿ ಹೂತಿದ್ದ ಕಬ್ಬಿಣದ ಟ್ಯಾಂಕು, ನೆಲ ಕೊರೆಯುವ ಬೈರಿಗೆಯನ್ನು ಕರೆಸಿ ದೂರು ಕೊಟ್ಟಿತು: "ನನ್ನ ಪೆಟ್ರೋಲು ದಿನಾ ಕಡಿಮೆ ಬೀಳುತ್ತಿದೆ. ಈ ಬಾವಿಯ ಬಾಯಿ ಮೂಸಿ ನೋಡು. ಕದ್ದು ಕುಡಿದದ್ದು ಇದೇ!"

ಬಾವಿಗೆ ಮೈಯೆಲ್ಲ ಉರಿದುಹೋಯಿತು. "ಇಷ್ಟು ದಿನ ನೀನೇ ಪೆಟ್ರೋಲು ಬಿಸಿಲಿಗೆ ಆವಿಯಾಯಿತು ಅನ್ನುತ್ತಿದ್ದೆ. ಈಗ ನನ್ನನ್ನು ಕಳ್ಳ ಮಾಡುತ್ತೀಯಾ? ನೀಲವ್ವ ಉಗಿದು ಹೋದ ಅವಮಾನ ಸಾಲದೇ ನನಗೆ?"

ಬೈರಿಗೆ ಬಾವಿಯ ಅಂಚಿನಿಂದ ಟ್ಯಾಂಕಿನ ಕಡೆಗೆ ಸಾಲಾಗಿ ಕೊರೆಯುತ್ತಾ, ಮಣ್ಣು ಮೂಸುತ್ತಾ ಬಂತು. "ಟ್ಯಾಂಕಣ್ಣ, ನಿನ್ನ ಹತ್ತಿರ ಬಂದಷ್ಟೂ ನಾತ ಜಾಸ್ತಿ" ಎಂದಿತು.

"ನೋಡಿದೆಯಾ! ಬಾವಿಯ ಹೊಲಸು ನನ್ನವರೆಗೂ ಬಂದಿದೆ. ಮೊದಲು ಅದನ್ನು ಮುಚ್ಚಿಸು!" ಎಂದು ಟ್ಯಾಂಕು ಅಬ್ಬರಿಸಿತು.

"ತಗ್ಗಿನ ನೀರು ದಿಬ್ಬ ಹತ್ತುತ್ತದೆಯೇ? ನಾಚಿಕೆಯಾಗಬೇಕು ನಿನಗೆ!" ಬಾವಿ ಕಿರುಚಿತು. "ಬೈರಿಗೆ, ಇನ್ನು ಅದರ ಬುಡ ನೋಡು!"

"ನನ್ನ ಬುಡವೇ? ದಿನಾ ಬೆಳಿಗ್ಗೆ ಕೋಲು ಇಳಿಸಿಕೊಂಡು ಅಳತೆ ಕೊಡುವ ಮರ್ಯಾದಸ್ಥ ನಾನು! ನನ್ನನ್ನು..."

ಅಷ್ಟರಲ್ಲಿ ಪೆಟ್ರೋಲು ತಂದ ಲಾರಿ ಅದರ ಬಾಯಿಗೆ ಪೈಪು ತುರುಕಿತು. ಬಾಯಿ ತುಂಬಿ ಟ್ಯಾಂಕಿನ ಮಾತು ನಿಂತಿತು. ಆಗ ಎಲ್ಲರಿಗೂ ಕೇಳಿಸಿತು, ಅದರ ಬುಡದಿಂದ ಮಣ್ಣಿಗೆ ತೊಟ್ಟಿಕ್ಕುವ ಸದ್ದು.