ಸಂತ ರೋಕರ ಹುಣ್ಣು

ಹೊಳೆದಂಡೆಯ ಇಗರ್ಜಿಯ ಪಕ್ಕದ ಚಾವಡಿಯಲ್ಲಿ ಇನಾಸ್ ಗುರುಗಳು ಮರದ ಹಲಗೆಯಲ್ಲಿ ಸಂತರನ್ನು ಕೊರೆಯುತ್ತಿದ್ದರು. ಹಲಗೆಗೆ ಮಸಿ ಹಚ್ಚಿ ಕಾಗದ ಒತ್ತಿದರೆ ಪಟ ಸಿದ್ಧ. ಶಿಷ್ಯ ಪಾಸ್ಕಲ್ ಅವರ ಬಳಿ ಉಳಿ ಹಿಡಿದು ಒಂಬತ್ತು ವರ್ಷವಾಗಿತ್ತು.

"ಸಂತ ರೋಕರ ಹಬ್ಬಕ್ಕೆ ಈ ಸಲ ಅಚ್ಚು ನಿನ್ನದು," ಎಂದರು ಗುರುಗಳು. "ಜನ ಒಪ್ಪಿದರೆ ಕೆಳಗೆ ನಿನ್ನ ಹೆಸರು ಕೊರೆದುಕೋ."

ಪಾಸ್ಕಲನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಸಿವು ನಿದ್ದೆ ಮರೆತು ಕೊರೆದ.

ಸಂತರ ಊರುಗೋಲು, ರೊಟ್ಟಿ ಕಚ್ಚಿ ತಂದ ನಾಯಿ, ಎಲ್ಲವೂ ಬಂತು. ನಿಲುವಂಗಿ ಎತ್ತಿ ತೊಡೆಯ ಪ್ಲೇಗಿನ ಹುಣ್ಣು ತೋರಿಸುವುದು ಹಿಂದಿನಿಂದ ಬಂದ ವಾಡಿಕೆ. ಅದು ಮಾತ್ರ ಪಾಸ್ಕಲನಿಗೆ ಹಿಡಿಸಲಿಲ್ಲ. ಇಷ್ಟು ಚೆಂದದ ಸಂತರಿಗೆ ಹುಣ್ಣೇಕೆ? ನಿಲುವಂಗಿಯನ್ನು ಪಾದದವರೆಗೂ ಇಳಿಬಿಟ್ಟ. ನೆರಿಗೆಗಳಿಗೇ ಹನ್ನೊಂದು ದಿನ ಹಿಡಿಯಿತು. ಅಂಥ ನೆರಿಗೆ ಗುರುಗಳಿಗೂ ಬಂದಿರಲಿಲ್ಲ. ಅದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

ಗುರುಗಳು ನೋಡಿದರು. ಪಟ ಒತ್ತಿ ಅವನ ಕೈಗೇ ಇಟ್ಟರು.

"ಇಗರ್ಜಿಯ ಬಾಗಿಲಲ್ಲಿ ನಿಂತು ನೀನೇ ಹಂಚು."

ಹಬ್ಬಕ್ಕೆ ಕಾಯಿಲೆಯವರೆಲ್ಲ ಬಂದರು. ಪಟದ ಹುಣ್ಣನ್ನು ಬೆರಳಿನಿಂದ ಮುಟ್ಟಿ, ಅದೇ ಬೆರಳನ್ನು ತಮ್ಮ ನೋವಿನ ಮೇಲೆ ಇಟ್ಟುಕೊಳ್ಳುವುದು ಅಲ್ಲಿಯವರ ಪದ್ಧತಿ. ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದ ಮೊಂತು ಮಾಯಿ ಎಂಬ ಮುದುಕಿಯ ಬೆರಳು ಪಟದ ತುಂಬ ಅಲೆದಾಡಿತು.

"ಎಲ್ಲುಂಟು ಮಗಾ?"

"ಎಂತದು ಮಾಯಿ?"

"ಹುಣ್ಣು."

"ಈ ಸಂತರಿಗೆ ಹುಣ್ಣು ವಾಸಿಯಾಗಿದೆ ಮಾಯಿ."

"ವಾಸಿಯಾದವರಿಗೆ ನಮ್ಮ ನೆನಪು ಎಲ್ಲಿರ್ತದೆ ಮಗಾ?"

ಮುದುಕಿ ಪಟವನ್ನು ಹಿಂದಕ್ಕೆ ಕೊಟ್ಟು, ಕುಂಟುತ್ತ ಮೆಟ್ಟಿಲಿಳಿದು ದೋಣಿಯ ಕಡೆಗೆ ಹೊರಟಳು.

ಪಾಸ್ಕಲನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಉಳಿದ ಪಟಗಳನ್ನು ಹಾಗೇ ಹಿಡಿದುಕೊಂಡು ಚಾವಡಿಗೆ ಬಂದು ಮಾಯಿಯ ಮಾತನ್ನು ಹೇಳಿದ.

"ಹೊಸ ಹಲಗೆ ಕೊಡಿ ಗುರುಗಳೇ. ಮೊದಲಿನಿಂದ ಕೊರೆಯುತ್ತೇನೆ."

"ಹೊಸದು ಮುಗಿಯುವಾಗ ಮುಂದಿನ ಹಬ್ಬ ಬರ್ತದೆ. ಮಾಯಿ ಇನ್ನೂ ಹೊಳೆ ದಾಟಿಲ್ಲ. ಇದರಲ್ಲೇ ಕೊರೆ."

ಪಾಸ್ಕಲ್ ಉಳಿ ಎತ್ತಿದ. ನೆರಿಗೆಗಳ ಮೇಲೆ ಬಂದು ಕೈ ನಿಂತಿತು. ಮೆಲ್ಲಗೆ ನೆರಿಗೆಯಿಲ್ಲದ ಅಂಚಿನ ಕಡೆಗೆ ಸರಿಯಿತು.

"ಎಲ್ಲಿ ಕೊರೆಯಲಿ ಗುರುಗಳೇ?"

"ಎಲ್ಲಿ ಕೊರೆದರೆ ನಿನಗೆ ನೋಯ್ತದೋ, ಅಲ್ಲಿ."