ಸಾವಿರದ ಒಂಬತ್ತು ಮುತ್ತು

ಶಿಷ್ಯ ಚನ್ನವೀರ ಕೇಳಿದ: “ಗುರುಗಳೇ, ನನ್ನ ಜೊತೆಗಾರ ಬೊಮ್ಮಣ್ಣ ಸಣ್ಣ ವಿಷಯದಲ್ಲಿ ಎಂದೂ ಸುಳ್ಳಾಡಿದವನಲ್ಲ. ಆದರೂ ದೊಡ್ಡ ವಿಷಯದಲ್ಲಿ ಕೈಕೊಟ್ಟರೆ? ಇನ್ನೆಷ್ಟು ಕಾಲ ಅವನನ್ನು ಪರೀಕ್ಷಿಸಿ ನೋಡಲಿ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಅರಸನಿದ್ದ. ಒಳ್ಳೆಯವನೇ, ಕಿವಿ ಮಾತ್ರ ಹಿತ್ತಾಳೆಯದು. ಅವನ ಬಳಿ ಸಾವಿರದ ಒಂಬತ್ತು ಮುತ್ತುಗಳಿದ್ದವು. ಅವನ್ನು ಅರಮನೆಯ ಹೆಣ್ಣುಮಕ್ಕಳಿಗಾಗಿ ಸರ ಮಾಡಿಸಲು ತನ್ನ ಬಾಲ್ಯದ ಗೆಳೆಯನಾದ ಕರಣಿಕನಿಗೆ ಒಪ್ಪಿಸಿದ. ಸರ ಎಷ್ಟಾದರೂ ಆಗಲಿ, ಎಲ್ಲವೂ ಸಮನಾಗಿರಬೇಕು, ಒಂದು ಮುತ್ತೂ ಉಳಿಯಬಾರದು ಎಂದ.

ಕರಣಿಕ ಲೆಕ್ಕಕ್ಕೆ ಕುಳಿತ. ಎರಡೆರಡು ಮುತ್ತಿನ ಸರ ಮಾಡಿದರೆ ಒಂದು ಉಳಿಯಿತು. ಮೂರರ ಸರಕ್ಕೂ ಒಂದು, ಏಳರ ಸರಕ್ಕೂ ಒಂದು. ಐದರ ಸರಕ್ಕೆ ನಾಲ್ಕು ಉಳಿದವು. ಮೂವತ್ತೊಂದರವರೆಗೆ ನೋಡಿ ಕೈ ತೊಳೆದುಕೊಂಡು ಬಂದ. “ಇದು ಒಡೆಯುವ ಸಂಖ್ಯೆಯಲ್ಲ, ಪ್ರಭು. ಅಷ್ಟನ್ನೂ ಸೇರಿಸಿ ಒಂದೇ ಸರ ಮಾಡಿಸಿ” ಎಂದ.

ಪಕ್ಕದಲ್ಲಿದ್ದ ಮಂತ್ರಿ ನಕ್ಕ. “ಇಷ್ಟು ಹೆಣ್ಣುಮಕ್ಕಳಿಗೆ ಒಂದೇ ಸರ ಸಾಲದು, ಕೊನೆಗೆ ಮುತ್ತು ಉಳಿಸಿಯೇ ಸರ ಮಾಡಬೇಕು. ಆ ಉಳಿದ ಮುತ್ತು ಯಾರ ಮನೆಯವರ ಕಿವಿಗೆ ಹೋಗಬೇಕಿತ್ತೋ!”

ಅರಸನ ಮುಖ ಸಣ್ಣದಾಯಿತು. “ಮೂವತ್ತೊಂದಕ್ಕೇ ನಿಲ್ಲಿಸಿದೆಯಲ್ಲ? ಮುಂದೆ ನೂರಾರು ಸಂಖ್ಯೆಗಳಿವೆ.”

“ನೋಡುವ ಅಗತ್ಯವಿಲ್ಲ, ಪ್ರಭು. ಸರದಲ್ಲಿ ಮುತ್ತು ಮೂವತ್ತೆರಡಕ್ಕೇರಿದರೆ ಸರಗಳು ಮೂವತ್ತೊಂದನ್ನು ದಾಟಲಾರವು. ಅಷ್ಟು ಸರಗಳಿಗೆ ಸಮವಾಗಿ ಹಂಚಿಹೋಗುವಂತಿದ್ದರೆ ಅಷ್ಟೇ ಮುತ್ತಿನ ಸರ ಮಾಡಿ ನೋಡಿದಾಗಲೂ ಸಮವಾಗಿ ಬರಬೇಕಿತ್ತು. ಬರಲಿಲ್ಲ. ಇದನ್ನು ಒಡೆಯುವ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಚಿಕ್ಕದೊಂದರ ಕೈ ಹಿಡಿದೇ ಬರಬೇಕು. ಚಿಕ್ಕವನ್ನೆಲ್ಲ ನೋಡಿ ಆಗಿದೆ.”

ಅರಸನಿಗೆ ಮಾತು ಅರ್ಥವಾಯಿತು. ಆದರೂ ಮನಸ್ಸು ಕೇಳಲಿಲ್ಲ. ಮುತ್ತುಗಳನ್ನು ಮುಂದೆ ಸುರುವಿಕೊಂಡು ಕದ ಹಾಕಿಕೊಂಡ. ಮೂವತ್ತೆರಡರ ಸರ, ಮೂವತ್ತಮೂರರ ಸರ, ಹೀಗೇ ದಿನಗಟ್ಟಲೆ ಎಣಿಸಿದ. ಒಳಗೆ ಎಣಿಕೆ ನಡೆದಿದ್ದು ಊರಿಗೆಲ್ಲ ತಿಳಿಯಿತು. ಕರಣಿಕ ಬಂದರೆ ಆಸ್ಥಾನದಲ್ಲಿ ಮಾತು ನಿಲ್ಲುತ್ತಿತ್ತು. ಅವನ ಹೆಂಡತಿ ನೀರಿಗೆ ಹೋದರೆ ಜನ ಅವಳ ಕಿವಿಯತ್ತ ನೋಡುತ್ತಿದ್ದರು. ಪಾಪ, ಆಕೆ ತೊಟ್ಟಿದ್ದ ತವರಿನ ಓಲೆಯನ್ನೂ ಬಿಚ್ಚಿಟ್ಟಳು.

ಅರಸ ಐನೂರು ದಾಟುವವರೆಗೂ ಎಣಿಸಿದ. ಯಾವುದೂ ಸಮನಾಗಲಿಲ್ಲ. ಖುಷಿಯಿಂದ ಕರಣಿಕನ ಮನೆಗೆ ಓಡಿದ. ಬಾಗಿಲಲ್ಲಿ ಗಾಡಿಗೆ ಸಾಮಾನು ಹೇರುತ್ತಿದ್ದರು.

“ನೀನು ಹೇಳಿದ್ದೇ ಸರಿ ಕಣಯ್ಯ! ಈಗ ನನಗೆ ನಂಬಿಕೆ ಬಂತು.”

ಕರಣಿಕ ಕೈಮುಗಿದ. “ನನಗೆ ಹೋಯಿತು, ಪ್ರಭು.”

ಕತೆ ಮುಗಿಯಿತು. ಚನ್ನವೀರ ಉತ್ಸಾಹದಿಂದ, “ಆ ಅರಸ ಎಂಥ ದಡ್ಡ, ಗುರುಗಳೇ!” ಎಂದ.

ಗುರುಗಳು ಕೇಳಿದರು: “ನೀನು ಪರೀಕ್ಷಿಸುತ್ತಿರುವುದು ಬೊಮ್ಮಣ್ಣನಿಗೆ ಗೊತ್ತೇನಪ್ಪ?”